ಹವ್ಯಾಸಿ ಚಿತ್ರಗೋಷ್ಠಿಯ ಸದಸ್ಯರೊಬ್ಬರು: ಸಿಡ್ ಲ್ಯಾವೆರೆಂಟ್ಸ್ ಸ್ಮರಣೆ



ಸ್ಮರಣಾರ್ಥವಾಗಿ ಸ್ಥಾಪಿತವಾದ ದತ್ತಿಯ ವೇದಿಕೆಯಲ್ಲಿ ನಿಂತು ಮಾತನಾಡುವವನಿಗೆ, ಸ್ಮರಣೆಗೆ ಯೋಗ್ಯರಾಗಿದ್ದೂ ನಮ್ಮ ಕಡೆ ಹೆಸರು ಕೇಳಿಬರದ ಒಬ್ಬರನ್ನು ಸಭೆಗೆ ಪರಿಚಯಿಸುವುದಕ್ಕಿಂತ ಸಂತೋಷದ ಕರ್ತವ್ಯ ಮತ್ತೊಂದಿರಲಾರದು. ಅಮೆರಿಕ ಸಂಯುಕ್ತ ಸಂಸ್ಥಾನದ ವಯೋಮಿಂಗ್ ಪ್ರಾಂತದ ಶಯನ್ ಪಟ್ಟಣದಲ್ಲಿ 1908ರ ಆಗಸ್ಟ್ ತಿಂಗಳಲ್ಲಿ ಜನಿಸಿ, ತಾರುಣ್ಯವನ್ನು ವಿನೋದರಂಗಗಳ ಮೇಲೆ ವಾದ್ಯ ನುಡಿಸುತ್ತ ಕಳೆದು, ಮಧ್ಯವಯಸ್ಸಿನಲ್ಲಿ ಸ್ಯಾನ್ ಡಿಯಾಗೊ ನಗರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದು, ಐವತ್ತರ ಹೊಸ್ತಿಲಲ್ಲಿ ಚಲಚ್ಚಿತ್ರದ ಕ್ಯಾಮೆರಾವನ್ನು ಕೈಗೆತ್ತಿಕೊಂಡು, ಅಲ್ಲಿಂದ ಮುಂದೆ ಜೀವಮಾನವೆಲ್ಲ ಹವ್ಯಾಸಿ ಚಿತ್ರಕಾರರಾಗಿಯೇ ಉಳಿದು, ನೂರು ವರ್ಷ ತುಂಬಿದ ಮೇಲೆ 2009ರ ಮೇ ತಿಂಗಳಲ್ಲಿ ಕಾಲವಾದ ಸಿಡ್ ಲ್ಯಾವೆರೆಂಟ್ಸ್ ಅವರೇ ಈ ಹೊತ್ತಿನ ನನ್ನ ವಿಷಯ.

ಅವರು 1970ರಲ್ಲಿ ಮುಗಿಸಿದ ಒಂಬತ್ತು ನಿಮಿಷದ ಒಂದು ಕಿರುಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಪಟ್ಟಿಗೆ 2000ನೆಯ ಇಸವಿಯಲ್ಲಿ ಸೇರಿಸಲಾಯಿತು. ಈ ಗೌರವ ದೊರೆತ ಮೇಲೆ ಅವರನ್ನು ಒಂಟಿ ಪ್ರತಿಭೆಯೆಂದೂ, ಎಲ್ಲಿಂದಲೋ ಒಡಮೂಡಿದ ಅದ್ಭುತವೆಂದೂ ಬಣ್ಣಿಸುವುದು ವಾಡಿಕೆಯಾಯಿತು. ಅವರ ಪ್ರತಿಭೆಯಲ್ಲಿ ನನಗೆ ಕಿಂಚಿತ್ತೂ ಸಂದೇಹವಿಲ್ಲ. ಆದರೆ ಆ ಬಣ್ಣನೆ ಅರ್ಧ ಸತ್ಯ. ಲ್ಯಾವೆರೆಂಟ್ಸರು ಸ್ಯಾನ್ ಡಿಯಾಗೊ ಅಮೆಚೂರ್ ಮೂವೀ ಮೇಕರ್ಸ್ ಕ್ಲಬ್ ಎಂಬ ಒಂದು ಸಣ್ಣ ಗೋಷ್ಠಿಯ ಸದಸ್ಯರಾಗಿದ್ದರು. ಆ ಸದಸ್ಯತ್ವವನ್ನು ಬದಿಗಿಟ್ಟು ಅವರ ಕೃತಿಯನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ. ಒಬ್ಬ ಹವ್ಯಾಸಿಯನ್ನು ಗೌರವಿಸುವ ಸರಿಯಾದ ಮಾರ್ಗವೆಂದರೆ ಆತನನ್ನು ರೂಪಿಸಿದ ಗೋಷ್ಠಿಯೊಡನೆಯೇ ಆತನನ್ನು ಸ್ಮರಿಸುವುದು. ಇದೇ ನಾನು ಪ್ರತಿಪಾದಿಸಬೇಕೆಂದಿರುವ ಅಭಿಪ್ರಾಯ.

1. ಕ್ಷೇತ್ರ ಸಿದ್ಧವಾದ ಬಗೆ

ಚಲಚ್ಚಿತ್ರವು ಹುಟ್ಟಿದ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. 35 ಮಿ.ಮೀ. ಅಗಲದ ಫಿಲ್ಮಿಗೆ ತಗಲುತ್ತಿದ್ದ ವೆಚ್ಚವೊಂದು ಕಡೆಯಾದರೆ, ಆ ಫಿಲ್ಮಿಗೆ ಆಧಾರವಾಗಿದ್ದ ನೈಟ್ರೇಟ್ ದ್ರವ್ಯವು ಕಿಡಿ ತಗುಲಿದೊಡನೆ ಭುಗಿಲೆಂದು ಹೊತ್ತಿಕೊಳ್ಳುವ ಅಪಾಯ ಇನ್ನೊಂದು ಕಡೆ. ಮಕ್ಕಳುಮರಿಗಳಿರುವ ಮನೆಯಲ್ಲಿ ಅದನ್ನಿಟ್ಟುಕೊಳ್ಳುವುದು ವಿವೇಕವೆನಿಸುತ್ತಿರಲಿಲ್ಲ. 1922ರಲ್ಲಿ ಫ್ರಾನ್ಸಿನ ಪಾಥೆ ಸಂಸ್ಥೆಯು 9.5 ಮಿ.ಮೀ. ಫಿಲ್ಮನ್ನೂ, ಮರುವರ್ಷ ಅಮೆರಿಕದ ಕೊಡಕ್ ಸಂಸ್ಥೆಯು 16 ಮಿ.ಮೀ. ಫಿಲ್ಮನ್ನೂ, ಎರಡನ್ನೂ ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ದ್ರವ್ಯದ ಮೇಲೆ ತಯಾರಿಸಿ, ಮಾರುಕಟ್ಟೆಗೆ ತಂದುವು. ಕೊಡಕ್ಕಿನ 16 ಮಿ.ಮೀ. ಫಿಲ್ಮಿನಲ್ಲಿ ಇನ್ನೊಂದು ಅನುಕೂಲವೂ ಇತ್ತು: ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಸಂಸ್ಕರಣದ ತರುವಾಯ ಪ್ರದರ್ಶನಯೋಗ್ಯವಾದ ಚಿತ್ರವಾಗಿ ಮರಳಿ ಬರುತ್ತಿದ್ದುದರಿಂದ, ನೆಗೆಟಿವ್ ಒಂದು, ಪ್ರತಿ ಇನ್ನೊಂದು ಎಂಬ ಇಮ್ಮಡಿ ಖರ್ಚು ತಪ್ಪಿತು. 1932ರಲ್ಲಿ ಇನ್ನೂ ಅಗ್ಗವಾದ 8 ಮಿ.ಮೀ., 1935ರಲ್ಲಿ ವರ್ಣವನ್ನು ಸೆರೆಹಿಡಿಯುವ ಕೊಡಕ್ರೋಮ್, 1965ರಲ್ಲಿ ಪೆಟ್ಟಿಗೆಯನ್ನು ಕ್ಯಾಮೆರಾಕ್ಕೆ ತುರುಕಿದರೆ ಸಾಕೆನ್ನುವ ಸೂಪರ್ 8 – ಹೀಗೆ ಒಂದೊಂದೇ ಬಾಗಿಲು ತೆರೆಯಿತು.

ಆದರೆ ಉಪಕರಣವೊಂದೇ ಕಲೆಗೆ ಸಾಲದು. ಕೈಗೆ ಯಂತ್ರ ಬಂದ ಮನುಷ್ಯನಿಗೆ ಅದನ್ನು ಹೇಗೆ ಬಳಸಬೇಕೆಂದು ತೋರಿಸುವ ಹಿರಿಯರು ಬೇಕು, ಮಾಡಿದ್ದನ್ನು ನೋಡುವ ಕಣ್ಣುಗಳು ಬೇಕು, ನೋಡಿ ದಾಕ್ಷಿಣ್ಯವಿಲ್ಲದೆ ಹೇಳುವ ನಾಲಗೆಗಳು ಬೇಕು. ಈ ಅಗತ್ಯವನ್ನು ಮನಗಂಡವರಲ್ಲಿ ಅಗ್ರಗಣ್ಯರು ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರು. ಮ್ಯಾಕ್ಸಿಮ್ ಬಂದೂಕದ ಕರ್ತೃವಿನ ಪುತ್ರರೂ ಸ್ವತಃ ದೊಡ್ಡ ಎಂಜಿನಿಯರೂ ಆಗಿದ್ದ ಇವರು, 1914ರಲ್ಲಿ ಹವ್ಯಾಸಿ ರೇಡಿಯೋಗಾರರನ್ನು ಒಂದು ಸಂಘದಲ್ಲಿ ಕೂಡಿಸಿದ ಅನುಭವವುಳ್ಳವರು. ದೂರದೂರದ ಹವ್ಯಾಸಿಗಳು ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುವಂತೆ ಚಿತ್ರಗಳನ್ನೂ ವಿನಿಮಯ ಮಾಡಿಕೊಳ್ಳಲೆಂಬ ಆಶಯದಿಂದ 1926ರಲ್ಲಿ ನ್ಯೂಯಾರ್ಕಿನಲ್ಲಿ ಅಮೆಚೂರ್ ಸಿನೆಮಾ ಲೀಗ್ ಸ್ಥಾಪಿತವಾದಾಗ ಅದರ ಪ್ರಥಮಾಧ್ಯಕ್ಷರಾದರು. ಲೀಗು ‘ಮೂವೀ ಮೇಕರ್ಸ್’ ಎಂಬ ಮಾಸಪತ್ರಿಕೆಯನ್ನು ನಡೆಸಿತು. 1930ರಿಂದ ವರ್ಷದ ಹತ್ತು ಶ್ರೇಷ್ಠ ಹವ್ಯಾಸಿ ಚಿತ್ರಗಳನ್ನು ಆರಿಸಿ ಪ್ರಕಟಿಸಿತು. 1954ರಲ್ಲಿ ಲೀಗು ಬೇರೊಂದು ಛಾಯಾಗ್ರಹಣ ಸಂಘದಲ್ಲಿ ಲೀನವಾಯಿತಾದರೂ, ಅದು ಬಿತ್ತಿದ ಅಭ್ಯಾಸವು ಊರೂರಿನ ಕ್ಲಬ್ಬುಗಳಲ್ಲಿ ಉಳಿದುಬಂದಿತು. ಲ್ಯಾವೆರೆಂಟ್ಸರು ಬಂದು ಸೇರಿಕೊಂಡದ್ದು ಇಂಥ ಪರಂಪರೆಗೆ.

2. ರಂಗದಿಂದ ಕಾರ್ಖಾನೆಗೆ

ಈ ಶತಮಾನದ ಯುವಕರಿಗೆ ‘ವಾಡ್‌ವಿಲ್’ ಎಂಬ ವಿನೋದರಂಗದ ಕಲ್ಪನೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕಾಗಿದೆ. ಒಂದೇ ಸಂಜೆ, ಒಂದೇ ವೇದಿಕೆಯ ಮೇಲೆ, ಹಾಡುಗಾರ, ಹಾಸ್ಯಗಾರ, ದೊಂಬರಾಟದವ, ಕೈಚಳಕದವ ಮೊದಲಾದವರು ಹತ್ತು ಹದಿನೈದು ನಿಮಿಷಗಳಂತೆ ಒಬ್ಬರಾದ ಮೇಲೊಬ್ಬರು ಬಂದು ತಮ್ಮ ವಿದ್ಯೆಯನ್ನು ಮೆರೆದು ಹೋಗುವ ಪದ್ಧತಿ ಅದು. ಈ ಬಗೆಯ ರಂಗದ ಮೇಲೆ ತರುಣ ಲ್ಯಾವೆರೆಂಟ್ಸರು ಪ್ರದರ್ಶಿಸುತ್ತಿದ್ದುದು ಏಕವ್ಯಕ್ತಿ ವಾದ್ಯಮೇಳ: ಕೈಗೊಂದು, ಬಾಯಿಗೊಂದು, ಕಾಲಿಗೊಂದು ವಾದ್ಯವನ್ನು ಅಳವಡಿಸಿಕೊಂಡು ಒಬ್ಬನೇ ಮನುಷ್ಯನು ಇಡಿಯ ಮೇಳವಾಗುವ ವಿದ್ಯೆ. ಅದರಲ್ಲಿ ಸಂಗೀತದ ಜ್ಞಾನದಷ್ಟೇ ಮುಖ್ಯವಾದುದು ದೇಹದ ಅಂಗಾಂಗಗಳನ್ನು ಬೇರೆಬೇರೆ ಕೆಲಸಕ್ಕೆ ಹಚ್ಚಿ, ಎಲ್ಲವನ್ನೂ ಒಂದೇ ಲಯದಲ್ಲಿ ಹಿಡಿದಿಡುವ ಮನಸ್ಸಿನ ಸಮಾಧಾನ.

1927ರ ತರುವಾಯ ಬಂದ ವಾಕ್ಚಿತ್ರಗಳೂ, 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟೂ ಕೂಡಿ ವಾಡ್‌ವಿಲ್ ರಂಗವನ್ನು ಕೆಲವೇ ವರ್ಷಗಳಲ್ಲಿ ಬರಿದುಮಾಡಿದುವು. ನಾಟಕಶಾಲೆಗಳು ಚಿತ್ರಮಂದಿರಗಳಾದುವು, ಕಲಾವಿದರು ಚದುರಿಹೋದರು. ಲ್ಯಾವೆರೆಂಟ್ಸರು ಜೀವನೋಪಾಯಕ್ಕಾಗಿ ಹಲವು ಕಸಬುಗಳನ್ನು ಅವಲಂಬಿಸಿ, ಕಡೆಗೆ ಕಾನ್ವೇರ್ ವಿಮಾನ ಸಂಸ್ಥೆಯಲ್ಲಿ ಎಂಜಿನಿಯರಾಗಿ ನೆಲೆನಿಂತರು. ವಿಮಾನದ ಕೆಲಸದಲ್ಲಿ ಅಳತೆಯೇ ಧರ್ಮ. ಕೂದಲೆಳೆಯಷ್ಟು ತಪ್ಪಿದರೂ ತಪ್ಪು ತಪ್ಪೇ. ವೇದಿಕೆಯ ಲಯಜ್ಞಾನವೂ ಕಾರ್ಖಾನೆಯ ಅಳತೆಯ ನಿಷ್ಠೆಯೂ ಒಬ್ಬನೇ ವ್ಯಕ್ತಿಯಲ್ಲಿ ಬಂದು ಸೇರಿದುವೆಂಬುದನ್ನು ತಾವು ನೆನಪಿನಲ್ಲಿಡಬೇಕು. ಯಾವ ಚಿತ್ರಯಂತ್ರವು ತಮ್ಮ ವೇದಿಕೆಯನ್ನು ಕಿತ್ತುಕೊಂಡಿತೋ ಅದೇ ಯಂತ್ರವನ್ನು ಮೂವತ್ತು ವರ್ಷದ ಮೇಲೆ ಕೊಂಡು ತಂದು, ಅದರಿಂದಲೇ ತಮ್ಮ ವೇದಿಕೆಯನ್ನು ಅವರು ಮನೆಯೊಳಗೆ ಪುನಃ ಕಟ್ಟಿಕೊಂಡರು. ಇದರಲ್ಲಿ ದ್ವೇಷವಿರಲಿಲ್ಲ, ಹಂಬಲವಿತ್ತು. ಆ ಹಂಬಲವು ಕೊರಗಾಗದೆ ಕಾರ್ಯವಾಯಿತು.

ಅವರ ಆರಂಭದ ಚಿತ್ರಗಳಲ್ಲೊಂದು 1963ರ ‘ಇಟ್ ಸಡ್ಸಸ್ ಅಂಡ್ ಸಡ್ಸಸ್ ಅಂಡ್ ಸಡ್ಸಸ್’. ಕ್ಷೌರದ ನೊರೆಯ ಡಬ್ಬಿಯೊಂದು ನಿಲ್ಲದೆ ನೊರೆಯುಕ್ಕಿಸುತ್ತ ಹೋದರೆ ಏನಾದೀತೆಂಬ ಒಂದೇ ಎಳೆಯನ್ನು ಹಿಡಿದು ನಗೆಯನ್ನು ಬೆಳೆಸುವ ಈ ಚಿತ್ರದಲ್ಲಿ ವಿನೋದರಂಗದ ಪಾಠಗಳೆಲ್ಲ ಇವೆ. ಹಿತ್ತಲಿನ ಬಸವನಹುಳುಗಳನ್ನು ಕುರಿತು ಅವರು ಮಾಡಿದ ಚಿತ್ರದಲ್ಲಾದರೋ ನಗೆಗಾರನು ಹಿಂದೆ ಸರಿದು, ತಾಳ್ಮೆಯ ವೀಕ್ಷಕನು ಮುಂದೆ ಬರುತ್ತಾನೆ. ವಿಷಯಕ್ಕಾಗಿ ಅವರು ದೂರ ಅಲೆಯಲಿಲ್ಲ. ಬಚ್ಚಲುಮನೆ, ಹಿತ್ತಲು, ನಡುಮನೆ ಅವರಿಗೆ ಸಾಕಾಯಿತು.

3. ‘ಮಲ್ಟಿಪಲ್ ಸಿಡೋಸಿಸ್’

ಈಗ ಆ ಒಂಬತ್ತು ನಿಮಿಷದ ಚಿತ್ರಕ್ಕೆ ಬರೋಣ. ಅದರ ಹೆಸರು ‘ಮಲ್ಟಿಪಲ್ ಸಿಡೋಸಿಸ್’. ಕ್ರಿಸ್ಮಸ್ ಹಬ್ಬದ ಗೃಹದೃಶ್ಯದಿಂದ ಅದು ತೊಡಗುತ್ತದೆ. ಹೆಂಡತಿಯು ಗಂಡನಿಗೆ ಧ್ವನಿಮುದ್ರಣ ಯಂತ್ರವೊಂದನ್ನು ಉಡುಗೊರೆಯಾಗಿ ಕೊಡುತ್ತಾಳೆ. ಆ ಯಂತ್ರದಲ್ಲಿ ಒಂದು ಧ್ವನಿಯ ಮೇಲೆ ಇನ್ನೊಂದು ಧ್ವನಿಯನ್ನು ಕೂಡಿಸಬಹುದೆಂದು ಕಂಡುಕೊಂಡ ಗಂಡನು, ಏಕಾಂತದಲ್ಲಿ ಕುಳಿತು, ಮೆಟ್ರೊನೋಮಿನ ಟಕಟಕ ತಾಳಕ್ಕೆ ಒಂದೊಂದೇ ವಾದ್ಯವನ್ನು ನುಡಿಸಿ ಸೇರಿಸುತ್ತ ಹೋಗುತ್ತಾನೆ: ಬ್ಯಾಂಜೊ, ಯುಕಲೇಲಿ, ಶಿಳ್ಳೆ, ಬಾಯಿಂದ ಊದುವ ಸೀಸೆಗಳು. ನುಡಿಸುವ ಗತ್ತು ಫೆಲಿಕ್ಸ್ ಆರ್ನ್‌ಟ್ ಅವರು 1915ರಲ್ಲಿ ರಚಿಸಿದ ‘ನೋಲಾ’. ಅದೇ ರಚನೆಯನ್ನು 1950ರಲ್ಲಿ ಲೆಸ್ ಪಾಲ್ ಎಂಬ ಪ್ರಸಿದ್ಧ ಗಿಟಾರ್‌ವಾದಕರು ತಮ್ಮದೇ ಗಿಟಾರಿನ ಹಲವು ಧ್ವನಿಗಳನ್ನು ಒಂದರ ಮೇಲೊಂದು ಹೊದಿಸಿ ಧ್ವನಿಮುದ್ರಿಸಿದ್ದರು. ಲೆಸ್ ಪಾಲರು ಕಿವಿಗೆ ಮಾಡಿದ್ದನ್ನು ಲ್ಯಾವೆರೆಂಟ್ಸರು ಕಿವಿಗೂ ಕಣ್ಣಿಗೂ ಏಕಕಾಲದಲ್ಲಿ ಮಾಡಿದರು. ತೆರೆಯು ಎರಡಾಗಿ, ನಾಲ್ಕಾಗಿ, ಇನ್ನೂ ಹಲವಾಗಿ ಸೀಳಿಕೊಂಡು, ಒಂದೊಂದು ಖಾನೆಯಲ್ಲಿ ಒಬ್ಬೊಬ್ಬ ಸಿಡ್, ಬೇರೆಬೇರೆ ಟೋಪಿ, ಬೇರೆಬೇರೆ ವೇಷ – ಒಬ್ಬನಿಗಂತೂ ಮಿಕ್ಕಿ ಮೌಸಿನ ಕಿವಿಗಳು – ತೊಟ್ಟು, ತನ್ನ ಪಾಲಿನ ವಾದ್ಯವನ್ನು ನುಡಿಸುತ್ತ, ಕಡೆಗೆ ಅವರೆಲ್ಲ ಸೇರಿ ಪೂರ್ಣಮೇಳವಾಗುತ್ತಾರೆ.

ಇದನ್ನು ಸಾಧಿಸಿದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂದು ಈ ಚಮತ್ಕಾರವನ್ನು ದೂರವಾಣಿಯ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡ ಬಾಲಕನೂ ಮಾಡಬಲ್ಲನು. ಅಂದು ದೊಡ್ಡ ಚಿತ್ರಶಾಲೆಗಳಲ್ಲಿ ಇಂಥ ಸಂಯೋಜನೆಗೆ ಆಪ್ಟಿಕಲ್ ಪ್ರಿಂಟರ್ ಎಂಬ ಬೆಲೆಬಾಳುವ ಯಂತ್ರವೂ ಅದನ್ನು ನಡೆಸುವ ನಿಪುಣರೂ ಇರುತ್ತಿದ್ದರು. ಲ್ಯಾವೆರೆಂಟ್ಸರ ಬಳಿ ಇದ್ದುದು ಸ್ವಿಟ್ಜರ್‌ಲೆಂಡಿನ ಬೋಲೆಕ್ಸ್ ಕ್ಯಾಮೆರಾ; ಅವರು ಎಲ್ಲವನ್ನೂ ಆ ಕ್ಯಾಮೆರಾದ ಒಳಗೇ ಮಾಡಿದರು. ವಿಧಾನ ಇಷ್ಟು: ಮಸೂರದ ಮುಂದೆ ಕಪ್ಪು ಮರೆಯನ್ನಿಟ್ಟು ಚೌಕಟ್ಟಿನ ಒಂದು ಖಾನೆಯನ್ನು ಮಾತ್ರ ತೆರೆದು ಚಿತ್ರೀಕರಿಸುವುದು, ಬಳಿಕ ಮಸೂರವನ್ನು ಮುಚ್ಚಿ, ಫಿಲ್ಮನ್ನು ಆರಂಭದ ಚೌಕಟ್ಟಿಗೆ ಸರಿಯಾಗಿ ಹಿಂದಕ್ಕೆ ಸುತ್ತುವುದು, ಮರೆಯನ್ನು ಬದಲಿಸಿ, ಇನ್ನೊಂದು ಖಾನೆಯನ್ನು ತೆರೆದು, ಅದೇ ಫಿಲ್ಮಿನ ಮೇಲೆ ಪುನಃ ಚಿತ್ರೀಕರಿಸುವುದು. ಎಷ್ಟು ಖಾನೆಗಳೋ ಅಷ್ಟು ಸಲ ಆ ಒಂದೇ ಫಿಲ್ಮು ಕ್ಯಾಮೆರಾದ ಕಿಂಡಿಯ ಮುಂದೆ ಹಾಯಬೇಕು.

ಇದರಲ್ಲಿ ಅಡಗಿರುವ ಅಪಾಯವನ್ನು ಲೆಕ್ಕ ಹಾಕಿ ನೋಡಿ. 16 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 40 ಚೌಕಟ್ಟುಗಳು. ನೂರಡಿಯ ಸುರುಳಿಯಲ್ಲಿ 4,000. ಸೆಕೆಂಡಿಗೆ 24ರಂತೆ ಓಡಿದರೆ ಅದರ ಆಯುಸ್ಸು ಎರಡು ಮುಕ್ಕಾಲು ನಿಮಿಷ. ಹಿಂದಕ್ಕೆ ಸುತ್ತುವಾಗ ಎಣಿಕೆಯಲ್ಲಿ ಹತ್ತಾರು ಚೌಕಟ್ಟು ತಪ್ಪಿತೆಂದರೆ ಬ್ಯಾಂಜೊ ನುಡಿಸುವ ಸಿಡ್ ಶಿಳ್ಳೆ ಹಾಕುವ ಸಿಡ್‌ಗಿಂತ ಅರೆಕ್ಷಣ ಹಿಂದಾಗುತ್ತಾನೆ, ಮೇಳ ಕೆಡುತ್ತದೆ. ಮರೆ ಕೂದಲೆಳೆಯಷ್ಟು ಸರಿದರೆ ಎರಡು ಖಾನೆಗಳ ನಡುವೆ ಬಿಳಿಯ ಗೆರೆಯೋ ಕರಿಯ ಗೆರೆಯೋ ಮೂಡುತ್ತದೆ. ಎಲ್ಲಕ್ಕಿಂತ ಘೋರವಾದ ಸಂಗತಿಯೆಂದರೆ, ಕಡೆಯ ಖಾನೆಯಲ್ಲಿ ಬೆರಳು ಜಾರಿದರೂ ಅದಕ್ಕೆ ಹಿಂದಿನ ಎಲ್ಲ ಖಾನೆಗಳ ಶ್ರಮವೂ ಅದರೊಡನೆ ನಷ್ಟವಾಗುತ್ತದೆ. ಹಾಗೆ ನಷ್ಟವಾದುದು ಸಂಸ್ಕರಣಶಾಲೆಯಿಂದ ಫಿಲ್ಮು ಮರಳಿ ಬರುವ ತನಕ ತಿಳಿಯುವುದೂ ಇಲ್ಲ. ಧ್ವನಿಯ ಕಡೆಯೂ ಇದೇ ಕಷ್ಟ: ಟೇಪಿನಲ್ಲಿ ಒಂದು ಪದರದ ಮೇಲೆ ಇನ್ನೊಂದನ್ನು ಕೂಡಿಸಿದಷ್ಟೂ ಹಳೆಯ ಪದರಗಳು ಮಸಕಾಗಿ, ಟೇಪಿನ ಸ್ವಂತ ಗುಸುಗುಸು ಹೆಚ್ಚುತ್ತದೆ, ಆದ್ದರಿಂದ ಯಾವ ವಾದ್ಯ ಮೊದಲು, ಯಾವುದು ಕಡೆಗೆ ಎಂಬುದನ್ನು ಮುಂದಾಗಿಯೇ ನಿಶ್ಚಯಿಸಿರಬೇಕು.

ಇಷ್ಟೆಲ್ಲ ಕಷ್ಟದ ಗುರುತು ಚಿತ್ರದಲ್ಲಿ ಎಲ್ಲಿಯೂ ಇಲ್ಲ ಎಂಬುದೇ ಅದರ ಸಿದ್ಧಿ. ತೆರೆಯ ಮೇಲೆ ಕಾಣುವವನು ಉಲ್ಲಾಸದಿಂದ ನುಡಿಸುವ ಒಬ್ಬ ಗೃಹಸ್ಥ. ಇದು ಬರಿಯ ತಂತ್ರಕೌಶಲ, ಇದರಲ್ಲಿ ಭಾವವೆಲ್ಲಿದೆ ಎಂದು ಆಕ್ಷೇಪಿಸುವವರುಂಟು. ನನ್ನ ಉತ್ತರ ಹೀಗೆ: ಯೌವನದಲ್ಲಿ ಒಂದು ದೇಹಕ್ಕೆ ಹಲವು ವಾದ್ಯಗಳನ್ನು ಕಟ್ಟಿಕೊಂಡು ಮೇಳವಾದವನು, ಅರವತ್ತು ದಾಟಿದ ಮೇಲೆ ಒಂದು ವಾದ್ಯಕ್ಕೆ ಒಂದು ದೇಹದಂತೆ ತನ್ನನ್ನೇ ಹಂಚಿಕೊಂಡು ಮೇಳವಾಗಿದ್ದಾನೆ. ಜೀವನವು ಅವನಿಂದ ಕಸಿದುಕೊಂಡ ವಿದ್ಯೆಯು ರೂಪಾಂತರ ಹೊಂದಿ, ಮೊದಲಿಗಿಂತ ಸಮೃದ್ಧವಾಗಿ, ಅವನಿಗೆ ಮರಳಿ ದೊರೆತಿದೆ. ಆ ಮರಳಿ ದೊರೆತ ಸಂತೋಷವೇ ಈ ಚಿತ್ರದ ಸ್ಥಾಯಿಭಾವ. ತಂತ್ರವು ಇಲ್ಲಿ ಆ ಸಂತೋಷದ ಶರೀರವಾಗಿದೆ.

4. ಗೋಷ್ಠಿಯ ಋಣ

ಇಂಥ ಚಿತ್ರವನ್ನು ಯಾರಿಗಾಗಿ ಮಾಡುತ್ತಾರೆ? ಅದನ್ನು ಕೊಳ್ಳುವ ವ್ಯಾಪಾರಿಯಿಲ್ಲ, ತೋರಿಸುವ ಚಿತ್ರಮಂದಿರವಿಲ್ಲ, ವಿಮರ್ಶಿಸುವ ಪತ್ರಿಕೆಯಿಲ್ಲ. ಮನೆಯವರಿಗೆ ಸಂತೋಷವಾದೀತು, ಆದರೆ ಮನೆಯವರ ಸಂತೋಷಕ್ಕಾಗಿ ಯಾರೂ ಚೌಕಟ್ಟು ಚೌಕಟ್ಟನ್ನು ಎಣಿಸಿ ಫಿಲ್ಮನ್ನು ಹಿಂದಕ್ಕೆ ಸುತ್ತುವುದಿಲ್ಲ. ಕ್ಲಬ್ಬಿನ ಸ್ಥಾನ ಇರುವುದು ಇಲ್ಲಿಯೇ. ತಿಂಗಳಿಗೊಮ್ಮೆ ಕೂಡುವ ಆ ಸಭೆಯಲ್ಲಿ ಪ್ರೊಜೆಕ್ಟರಿನ ಮುಂದೆ ಕುಳಿತವರೆಲ್ಲ ಸ್ವತಃ ಕ್ಯಾಮೆರಾ ಹಿಡಿದವರು. ಬೆಳಕು ಹೆಚ್ಚಾಗಿ ಚಿತ್ರ ಬಿಳಿಚಿಕೊಂಡದ್ದನ್ನೂ, ಬೆಸುಗೆ ಬಿಟ್ಟುಹೋದದ್ದನ್ನೂ, ಕೈ ನಡುಗಿದ್ದನ್ನೂ ತಾವೇ ಅನುಭವಿಸಿದವರು. ಅವರು ಕೊಡುವ ಬಹುಮಾನದ ಬೆಲೆ ಹಣದಲ್ಲಿ ಅಲ್ಪ. ಅವರ ಮೆಚ್ಚುಗೆಯ ಬೆಲೆ ಅಪಾರ.

ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತರು ಸಹೃದಯನ ಲಕ್ಷಣವನ್ನು ಹೇಳುವಾಗ, ಸತತ ಕಾವ್ಯಾಭ್ಯಾಸದಿಂದ ಮನಸ್ಸನ್ನು ನಿರ್ಮಲಗೊಳಿಸಿಕೊಂಡು ವರ್ಣಿತವಾದುದರಲ್ಲಿ ತನ್ಮಯನಾಗಬಲ್ಲವನೆಂದು ಅಭ್ಯಾಸಕ್ಕೇ ಪ್ರಾಧಾನ್ಯವನ್ನು ಕೊಟ್ಟಿದ್ದಾರೆ. ಹವ್ಯಾಸಿ ಗೋಷ್ಠಿಯಲ್ಲಿ ಈ ಅಭ್ಯಾಸವು ಕಣ್ಣಿನದಷ್ಟೇ ಅಲ್ಲದೆ ಕೈಯದೂ ಆಗಿರುತ್ತದೆ. ನಮ್ಮ ಕರಾವಳಿಯ ತಾಳಮದ್ದಳೆಯ ಕೂಟವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ಹಗಲು ಶಾಲೆಯಲ್ಲಿ ಪಾಠ ಹೇಳಿದವರು, ಕೋರ್ಟಿನಲ್ಲಿ ವಾದಿಸಿದವರು, ತೋಟದಲ್ಲಿ ದುಡಿದವರು ರಾತ್ರಿ ಭಾಗವತರ ಎದುರಿಗೆ ಕುಳಿತು, ವೇಷಭೂಷಣವಿಲ್ಲದೆ, ಬರಿಯ ಮಾತಿನಿಂದ ಕರ್ಣನೂ ಕೃಷ್ಣನೂ ಆಗುತ್ತಾರೆ. ಕೇಳುವವರ ಸಾಲಿನಲ್ಲಿ ನಾಳೆ ಅದೇ ಅರ್ಥವನ್ನು ಹೇಳಬಲ್ಲವರು ಕುಳಿತಿರುತ್ತಾರಾದ್ದರಿಂದ, ಪ್ರಸಂಗದ ನಡೆ ತಪ್ಪಿದರೆ ಅಲ್ಲಿಯೇ ಗೊತ್ತಾಗುತ್ತದೆ; ಹೊಸ ಅರ್ಥವೊಂದು ಹೊಳೆದರೆ ಅದೂ ಅಲ್ಲಿಯೇ ಗೊತ್ತಾಗುತ್ತದೆ. ಇಂಥ ಶ್ರೋತೃಗಳೇ ಅರ್ಥಧಾರಿಯನ್ನು ಬೆಳೆಸುವವರು. ಸ್ಯಾನ್ ಡಿಯಾಗೊದ ಗೋಷ್ಠಿಯು ಲ್ಯಾವೆರೆಂಟ್ಸರಿಗೆ ಮಾಡಿದ ಉಪಕಾರವೂ ಇದೇ ಜಾತಿಯದು.

ಹಾಗೆಂದು ಕ್ಲಬ್ಬುಗಳ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ವೃತ್ತಿಚಿತ್ರಗಳ ನಯವನ್ನು ಅನುಕರಿಸುವುದೇ ಪರಮಾರ್ಥವೆಂದು ಭಾವಿಸಿದ ಗೋಷ್ಠಿಗಳು ಬಹಳವಿದ್ದುವು. ನಿಯಮಗಳ ಪಟ್ಟಿ ಉದ್ದವಾದಂತೆ ಚಿತ್ರಗಳ ಜೀವ ಸೊರಗಿದ್ದೂ ಉಂಟು. ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ ಎಂಬ 1943ರ ಚಿತ್ರದಿಂದ ಪ್ರಖ್ಯಾತರಾದ ಮಾಯಾ ಡೆರೆನ್ ಅವರು ಹವ್ಯಾಸಿಗಳಿಗೆಂದೇ ಬರೆದ ಲೇಖನವೊಂದರಲ್ಲಿ, ವೃತ್ತಿಯವರ ಬಳಿಯಿರುವ ಸಲಕರಣೆಗಳನ್ನು ಕಂಡು ಕರುಬುವುದನ್ನು ಬಿಟ್ಟು, ಅವರ ಬಳಿಯಿಲ್ಲದ ಸ್ವಾತಂತ್ರ್ಯವು ತಮ್ಮ ಬಳಿಯಿರುವುದನ್ನು ಹವ್ಯಾಸಿಗಳು ಅರಿಯಬೇಕೆಂದು ವಾದಿಸಿದರು. ನನಗೆ ಈ ವಾದವು ಸಂಪೂರ್ಣ ಸಮ್ಮತ. ಒಂದು ಮಾತನ್ನು ಮಾತ್ರ ಅದಕ್ಕೆ ಸೇರಿಸುವೆನು. ಹವ್ಯಾಸಿಯ ಸ್ವಾತಂತ್ರ್ಯಗಳಲ್ಲಿ ಹಿರಿದಾದುದು ಕಾಲದ ಸ್ವಾತಂತ್ರ್ಯ. ಇಂಥ ದಿನದೊಳಗೆ ಮುಗಿಸಬೇಕೆಂದು ಯಾರೂ ಅವನನ್ನು ಒತ್ತಾಯಿಸುವುದಿಲ್ಲವಾದ್ದರಿಂದ, ಕೆಲಸವು ಸರಿಯಾಗುವ ತನಕ ಅವನು ಅದನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಎಲ್ಲೆಯಿಲ್ಲದ ಕಾಲವು ಸೋಮಾರಿತನಕ್ಕೂ ತವರು. ಅದನ್ನು ಶಿಸ್ತಾಗಿ ಪರಿವರ್ತಿಸುವುದು, ಬಲ್ಲವರು ನಾಲ್ವರು ಕಾದು ಕುಳಿತಿದ್ದಾರೆಂಬ ಅರಿವು. ಸ್ವಾತಂತ್ರ್ಯವು ಹವ್ಯಾಸಿಯದು, ಶಿಸ್ತು ಗೋಷ್ಠಿಯದು; ಎರಡೂ ಕೂಡಿದಲ್ಲಿ ಲ್ಯಾವೆರೆಂಟ್ಸರಂಥವರು ಸಂಭವಿಸುತ್ತಾರೆ.

5. ಉಳಿಸಿದವರು

1970ರಲ್ಲಿ ಮುಗಿದ ಚಿತ್ರವು ದಾಖಲೆಪಟ್ಟಿಯನ್ನು ಸೇರಲು ಮೂವತ್ತು ವರ್ಷ ಹಿಡಿಯಿತು. ಹವ್ಯಾಸಿ ಕ್ಲಬ್ಬುಗಳ ಚರಿತ್ರೆಯನ್ನು ಅಭ್ಯಸಿಸಿದ ಮೆಲಿಂಡಾ ಸ್ಟೋನ್ ಅವರಂಥ ವಿದ್ವಾಂಸರು ಅದನ್ನು ಹೊರಗಿನ ಪ್ರಪಂಚಕ್ಕೆ ತೋರಿಸಿದರು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಲಚ್ಚಿತ್ರ ಭಂಡಾರವು ಅದನ್ನು ಸಂರಕ್ಷಿಸಿತು. ಅಮೆರಿಕದ ಶಾಸನಸಭೆಯು 1988ರಲ್ಲಿ ಅಂಗೀಕರಿಸಿದ ಕಾನೂನಿನ ಮೇರೆಗೆ ಅಲ್ಲಿನ ಕಾಂಗ್ರೆಸ್ ಗ್ರಂಥಾಲಯವು ಸಾಂಸ್ಕೃತಿಕವಾಗಿಯೋ, ಚಾರಿತ್ರಿಕವಾಗಿಯೋ, ಸೌಂದರ್ಯದ ದೃಷ್ಟಿಯಿಂದಲೋ ಮಹತ್ತ್ವವುಳ್ಳ 25 ಚಿತ್ರಗಳನ್ನು ವರ್ಷಂಪ್ರತಿ ದಾಖಲಿಸುತ್ತದೆ. ಚಿತ್ರಕ್ಕೆ ಹತ್ತು ವರ್ಷವಾದರೂ ಆಗಿರಬೇಕೆಂಬುದು ನಿಯಮ. ‘ಮಲ್ಟಿಪಲ್ ಸಿಡೋಸಿಸ್’ ಸೇರಿದ ವರ್ಷದ ಪಟ್ಟಿಯಲ್ಲಿಯೇ ಕೊಪ್ಪೊಲ ಅವರ ‘ಅಪಾಕಲಿಪ್ಸ್ ನೌ’ ಚಿತ್ರವೂ, ಸ್ಕೊರ್ಸೇಸಿಯವರ ‘ಗುಡ್‌ಫೆಲಾಸ್’ ಚಿತ್ರವೂ ಇದ್ದುವು. ಕೋಟಿಗಟ್ಟಲೆ ಡಾಲರು ಸುರಿದು ಮಾಡಿದ ಕೃತಿಯನ್ನೂ ಮನೆಯ ಕೋಣೆಯಲ್ಲಿ ಒಬ್ಬರೇ ಮಾಡಿದ ಕೃತಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ವಿವೇಕವು ಸ್ತುತ್ಯರ್ಹವಾದುದು.

ಆ ಪಂಕ್ತಿಯಲ್ಲಿ ಲ್ಯಾವೆರೆಂಟ್ಸರು ಒಂಟಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಯೂಟಾ ಪ್ರಾಂತದ ಟೋಪಾಜ್ ಶಿಬಿರದೊಳಗೆ, ಕ್ಯಾಮೆರಾ ಇಟ್ಟುಕೊಳ್ಳುವುದು ನಿಷಿದ್ಧವಾಗಿದ್ದಾಗ, ಡೇವ್ ಟಾಟ್ಸುನೊ ಅವರು ಗುಟ್ಟಾಗಿ ತೆಗೆದ 8 ಮಿ.ಮೀ. ಚಿತ್ರವು 1996ರಲ್ಲಿ ಸೇರಿತು. ಕನೆಕ್ಟಿಕಟ್ಟಿನ ರಾಬಿನ್ಸ್ ಬಾರ್‌ಸ್ಟೊ ಅವರು 1956ರಲ್ಲಿ ತಮ್ಮ ಸಂಸಾರದ ಡಿಸ್ನಿಲ್ಯಾಂಡ್ ಯಾತ್ರೆಯನ್ನು ಚಿತ್ರಿಸಿ ರೂಪಿಸಿದ ‘ಡಿಸ್ನಿಲ್ಯಾಂಡ್ ಡ್ರೀಮ್’ 2008ರಲ್ಲಿ ಸೇರಿತು. ಅದರ ಒಂದು ದೃಶ್ಯದಲ್ಲಿ ಕೈಪಿಡಿ ಮಾರುತ್ತ ಹಾದುಹೋಗುವ ಹತ್ತು ಹನ್ನೊಂದು ವರ್ಷದ ಹುಡುಗನು ಮುಂದೆ ವಿಖ್ಯಾತ ನಟನಾದ ಸ್ಟೀವ್ ಮಾರ್ಟಿನ್ ಎಂಬುದು ದಶಕಗಳ ತರುವಾಯ ಬೆಳಕಿಗೆ ಬಂದಿತು. ತೆಗೆದವನು ಗಮನಿಸದೆ ಇದ್ದುದನ್ನೂ ಫಿಲ್ಮು ಗಮನಿಸಿ ಇಟ್ಟುಕೊಂಡಿರುತ್ತದೆ. ಹವ್ಯಾಸಿಯ ಚಿತ್ರವು ಅವನ ಮನೆಯ ಸ್ವತ್ತಾಗಿದ್ದರೂ ಅದರೊಳಗೆ ನಾಡಿನ ಸ್ವತ್ತು ಸೇರಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ಬೇಕಿಲ್ಲ.

ಲ್ಯಾವೆರೆಂಟ್ಸರಾದರೋ ಈ ತತ್ತ್ವವನ್ನು ತಾವೇ ಆಚರಣೆಗೆ ತಂದರು. ಎಂಬತ್ತರ ದಶಕದಲ್ಲಿ ತೊಡಗಿ, ಕಂತು ಕಂತಾಗಿ, ‘ದಿ ಸಿಡ್ ಸಾಗಾ’ ಎಂಬ ಆತ್ಮಕಥಾಚಿತ್ರವನ್ನು ನಿರ್ಮಿಸಿ, ಹಳೆಯ ಭಾವಚಿತ್ರಗಳಿಗೂ ತುಣುಕುಗಳಿಗೂ ತಮ್ಮ ಕಂಠದ ವಿವರಣೆಯನ್ನು ಕೂಡಿಸಿ, ವಿನೋದರಂಗದ ದಿನಗಳನ್ನೂ ಬಡತನದ ದಿನಗಳನ್ನೂ ಬಿಚ್ಚಿ ಹೇಳಿದರು. ಮಹಾಪುರುಷರು ಮಾತ್ರ ಆತ್ಮಕಥೆಯನ್ನು ಬರೆಯಬೇಕೆಂಬ ಸಂಕೋಚ ಅವರನ್ನು ಬಾಧಿಸಲಿಲ್ಲ. ಸಾಮಾನ್ಯನ ಬಾಳು ಸಹ ಒಂದು ಯುಗದ ಸಾಕ್ಷ್ಯವೆಂಬ ಧೈರ್ಯ ಅವರಿಗಿತ್ತು.

6. ನಮ್ಮ ಕರ್ತವ್ಯ

ನಮ್ಮ ದೇಶದ ಕಥಾಚಿತ್ರದ ಆದಿಯೂ ಮನೆಯೊಳಗೇ ಆದದ್ದು. ದಾದಾಸಾಹೇಬ್ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮುಂಚೆ ಪ್ರಯೋಗಕ್ಕೆಂದು ಚಿತ್ರಿಸಿದ್ದು, ಬಟಾಣಿಯ ಬೀಜವು ಮೊಳೆತು ಗಿಡವಾಗುವ ಪರಿಯನ್ನು. ಅವರಿಂದ ಈಚೆಗೆ ನಮ್ಮ ಊರುಗಳಲ್ಲಿಯೂ 8 ಮಿ.ಮೀ. ಕ್ಯಾಮೆರಾವನ್ನೋ ಸೂಪರ್ 8 ಕ್ಯಾಮೆರಾವನ್ನೋ ಹಿಡಿದ ವೈದ್ಯರು, ಎಂಜಿನಿಯರುಗಳು, ತೋಟದ ಯಜಮಾನರು ಇದ್ದರು. ಮದುವೆಯ ದಿಬ್ಬಣ, ಊರಿನ ರಥೋತ್ಸವ, ಮಕ್ಕಳ ನಾಮಕರಣ ಎಂದು ಅವರು ತೆಗೆದ ಸುರುಳಿಗಳು ಅಟ್ಟದ ಟ್ರಂಕುಗಳಲ್ಲಿ ಬಿದ್ದಿವೆ. ಅಸಿಟೇಟ್ ಫಿಲ್ಮು ಕೆಡತೊಡಗಿದಾಗ ವಿನೆಗರಿನಂಥ ಹುಳಿವಾಸನೆ ಹೊರಡುತ್ತದೆ. ಸೆಕೆಯೂ ತೇವವೂ ಇರುವೆಡೆ ಆ ಕೇಡು ತ್ವರಿತವಾಗಿ ಹಬ್ಬುತ್ತದೆ. ಆದ್ದರಿಂದ ಅಂಥ ಸುರುಳಿಗಳಿರುವ ಮನೆಯವರಲ್ಲಿ ನನ್ನ ಬಿನ್ನಹವಿಷ್ಟು: ಅಟ್ಟದಿಂದ ಅವನ್ನು ಇಳಿಸಿ ತಂಪಾದ, ಒಣಗಿದ ಎಡೆಯಲ್ಲಿಡಿ, ಹುಳಿವಾಸನೆ ಬರುವುದನ್ನು ಉಳಿದವುಗಳಿಂದ ಬೇರ್ಪಡಿಸಿ, ಅದರಲ್ಲಿ ಕಾಣುವ ಮುಖಗಳನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಹೆಸರು, ಊರು, ವರ್ಷಗಳನ್ನು ಬರೆದಿಡಿ, ಹೊಸ ಯಂತ್ರಕ್ಕೆ ನಕಲು ಮಾಡಿಸಿಕೊಂಡೆವೆಂದು ಮೂಲವನ್ನು ಎಸೆಯಬೇಡಿ.

ಎರಡನೆಯ ಬಿನ್ನಹ ಇಂದಿನ ತರುಣರಲ್ಲಿ. ಕ್ಯಾಮೆರಾ ಈಗ ಎಲ್ಲರ ಕಿಸೆಯಲ್ಲಿದೆ. ಲ್ಯಾವೆರೆಂಟ್ಸರ ಕಾಲದ ದುಬಾರಿ ಫಿಲ್ಮಿನ ಅಂಜಿಕೆ ಯಾರಿಗೂ ಇಲ್ಲ. ಇಲ್ಲದಿರುವುದು ಗೋಷ್ಠಿ. ಅಪರಿಚಿತ ಸಾವಿರಾರು ಮಂದಿಯ ಕ್ಷಣದ ಮೆಚ್ಚುಗೆಯು, ಕೈಪಳಗಿದ ಹತ್ತು ಮಂದಿ ಒಂದು ಕೋಣೆಯಲ್ಲಿ ಕುಳಿತು ನೋಡಿ ಹೇಳುವ ಮಾತಿಗೆ ಎಂದಿಗೂ ಸಮನಾಗದು. ಊರಿನ ಗ್ರಂಥಾಲಯದಲ್ಲಿಯೋ ಶಾಲೆಯ ಕೊಠಡಿಯಲ್ಲಿಯೋ ತಿಂಗಳಿಗೊಮ್ಮೆ ಕೂಡಿ, ಒಬ್ಬರ ಚಿತ್ರವನ್ನು ಮತ್ತೊಬ್ಬರು ಪೂರ್ತಿಯಾಗಿ ನೋಡಿ, ಒಳಿತನ್ನು ಒಳಿತೆಂದೂ ಕೊರತೆಯನ್ನು ಕೊರತೆಯೆಂದೂ ಸ್ನೇಹದಿಂದ ಹೇಳುವ ಕೂಟಗಳು ನಮ್ಮಲ್ಲಿ ಹುಟ್ಟಬೇಕು. ಅಂಥ ಕೂಟದಲ್ಲಿ ಪ್ರತಿಭಾವಂತನೊಬ್ಬನು ಬರುವನೋ ಇಲ್ಲವೋ ಯಾರೂ ಹೇಳಲಾರರು. ಬಂದರೆ ಅವನನ್ನು ಗುರುತಿಸಬಲ್ಲವರು ಅಲ್ಲಿ ಇರುತ್ತಾರೆ, ಬಾರದಿದ್ದರೂ ಕೂಡಿದವರ ರುಚಿ ಸಂಸ್ಕಾರಗೊಂಡಿರುತ್ತದೆ. ಸದಸ್ಯರಾಗಿ ಬಾಳಿದ ಕಲಾವಿದರೊಬ್ಬರ ಸ್ಮರಣೆಗೆ ನಾವು ಸಲ್ಲಿಸಬಹುದಾದ ತಕ್ಕ ಗೌರವವೆಂದರೆ ನಾವೂ ಸದಸ್ಯರಾಗುವುದು.